ಕಾಶವ್ವನ ಎಡಗಾಲು

ಕಬ್ಬು ಕಡಿಯುವ ಹೆಣ್ಣಾಳುಗಳನ್ನು ಹೊತ್ತು ಹೊರಟ ಟ್ರ್ಯಾಕ್ಟರು ಹಳ್ಳದ ತಿರುವಿನಲ್ಲಿ ಮಗುಚಿಬಿತ್ತು. ಕಾಶವ್ವನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಅಕ್ಕ ನಿಂಬೆವ್ವ ಅಲ್ಲೇ ಪ್ರಾಣ ಬಿಟ್ಟಳು.

ಗಾಯ ಮಾಯಿತು, ಆದರೆ ಕಾಶವ್ವ ಮಾತು ಬಿಟ್ಟಳು. ಬೇರೆ ದಾರಿ ಕಾಣದೆ ತಾಯಿ ಅವಳನ್ನು ಮಲಪ್ರಭೆಯ ದಡದ ಆಶ್ರಮಕ್ಕೆ ತಂದು ಬಿಟ್ಟಳು.

ಅಲ್ಲಿಯ ಗುರು ಮಡಿವಾಳಯ್ಯ ಪ್ರಾಯದಲ್ಲಿ ಹೆಸರಾದ ಓಟಗಾರ. ಈಗಲೂ ಬೆಳಗಾದರೆ ಸುತ್ತಲ ಹಳ್ಳಿಯ ಹುಡುಗಿಯರನ್ನು ಹೊಳೆಯ ಮರಳಿನಲ್ಲಿ ಓಡಿಸುತ್ತಿದ್ದರು.

ಕಾಶವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಒಂದು ದಿನ ತಡೆಯಲಾಗಲಿಲ್ಲ.

"ಗುರುಗಳ, ನಾನೂ ಓಡಬಹುದೇನ್ರಿ?"

"ಮೊದಲ ಎಂದಾರ ಓಡಿದ್ದಿಯೇನು?"

"ಇಲ್ರಿ. ಹೊಲ, ಮನಿ, ಅಷ್ಟ."

"ಹಂಗಾದ್ರ ಮರೆಯೋದು ಏನೂ ಇಲ್ಲ. ನಾಳೆ ಬಾ."

ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಕಾಲು ಕಟ್ಟಿಕೊಂಡು ಅವಳು ಮರಳಿಗಿಳಿದಳು. ನಾಲ್ಕು ಹೆಜ್ಜೆಗೆ ಬಿದ್ದಳು. ಎದ್ದಳು, ಮತ್ತೆ ಬಿದ್ದಳು. ಮೋಟುಗಾಲಿನ ಚರ್ಮ ಸುಲಿದು ರಕ್ತ ಬಂತು. ಗುರು ಎತ್ತಲು ಬರಲಿಲ್ಲ. ಅವಳು ತಾನಾಗಿ ಏಳುವವರೆಗೆ ಅಲ್ಲಿಂದ ಕದಲಲೂ ಇಲ್ಲ.

ಓಟ ಮುಗಿದ ಮೇಲೆ ಎಲ್ಲರೂ ಬಾಗಿಲಲ್ಲಿಟ್ಟ ಹಂಡೆಯ ನೀರಿನಿಂದ ಕಾಲು ತೊಳೆದು ಒಳಗೆ ಹೋಗುವುದು ರೂಢಿ. ಕಾಶವ್ವ ಬಲಗಾಲಿಗೆ ಒಂದು ತಂಬಿಗೆ ನೀರು ಸುರಿದುಕೊಂಡು ಹೊಸ್ತಿಲು ದಾಟಲು ಹೋದಳು.

"ಇನ್ನೊಂದು?" ಎಂದರು ಗುರು.

"ಅದು ನಂದಲ್ರಿ. ಪ್ಲಾಸ್ಟಿಕ್ಕು."

ಗುರು ಹಂಡೆಯತ್ತ ನಡೆದರು. ತಂಬಿಗೆ ತುಂಬಿಕೊಂಡು ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು. ಆ ಪ್ಲಾಸ್ಟಿಕ್ ಪಾದದ ಮೇಲೆ ನೀರು ಹನಿಸಿ, ಬೆರಳ ಸಂದಿನ ಮರಳನ್ನು ಮೆಲ್ಲಗೆ ತೆಗೆಯತೊಡಗಿದರು.

ಕಾಶವ್ವ ಕಾಲು ಹಿಂದಕ್ಕೆಳೆದುಕೊಂಡಳು.

"ಅಯ್ಯೋ, ಬ್ಯಾಡ್ರಿ! ನೀವು ನನ್ನ ಕಾಲು ಮುಟ್ಟಬಾರದ್ರಿ!"

ಗುರು ತಲೆಯೆತ್ತಿದರು.

"ಯಾರ ಕಾಲು ಅಂದಿ?"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತಳು. ಅಪಘಾತವಾದ ಮೇಲೆ ಅವಳು ಬಿಚ್ಚಿ ಅತ್ತದ್ದು ಅಂದೇ.

ವರ್ಷಗಳು ಕಳೆದವು. ಓಟಕ್ಕೆಂದೇ ಮಾಡಿದ, ಬಿಲ್ಲಿನಂತೆ ಬಾಗಿದ ಕಾಲು ಬಂತು. ಅದರ ಜೊತೆಗೆ ಹೊಸ ಗಾಯಗಳೂ ಬಂದವು. ಮೊದಲ ಪಂದ್ಯದಲ್ಲಿ ಎಲ್ಲರಿಗಿಂತ ಹಿಂದೆ ಉಳಿದಳು. ಎರಡನೆಯದರಲ್ಲಿ ಗೆರೆಯ ಹತ್ತಿರ ಮುಗ್ಗರಿಸಿದಳು. ಅಂಗವಿಕಲರ ರಾಜ್ಯಮಟ್ಟದ ಕೂಟದಲ್ಲಿ, ತನ್ನ ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳಿಸದಂತೆ ಓಡಿ, ಮೊದಲಿಗಳಾದಳು.

ಊರಲ್ಲಿ ಸನ್ಮಾನವಾಯಿತು. ಹಿರಿಯರೊಬ್ಬರು ಶಾಲು ಹೊದಿಸಿ ಮೈಕಿನಲ್ಲಿ ಹೇಳಿದರು: "ದೇವರು ಕಾಲು ಕಸಕೊಂಡು ಬಂಗಾರ ಕೊಟ್ಟ. ಆಗೋದೆಲ್ಲಾ ಒಳ್ಳೇದಕ್ಕ."

ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಲ್ಲಿ ಕೂತಿದ್ದ ತಾಯಿಯ ಕೈ ಮಾತ್ರ ಮಡಿಲಿನಿಂದ ಏಳಲಿಲ್ಲ. ಕಾಶವ್ವ ಅದನ್ನು ಕಂಡಳು.

ಸಭೆ ಮುಗಿದದ್ದೇ ತಡ, ನೇರ ಹೊಳೆದಂಡೆಗೆ ಬಂದಳು. ಗುರು ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು.

"ಗುರುಗಳ, ಅವತ್ತು ಟ್ರ್ಯಾಕ್ಟರ್ ಬೀಳದಿದ್ರ ನಾ ಎಂದೂ ಓಡ್ತಿದ್ದಿಲ್ಲ. ಖರೆ ಹೌದಲ್ರಿ?"

"ಖರೆ."

"ಅವತ್ತ ನಮ್ಮಕ್ಕನೂ ಹೋದ್ಲು."

"ಅದೂ ಖರೆ."

ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತಳು.

"ಹಂಗಾದ್ರ ಆ ದಿನಕ್ಕ ನಾ ಕೈ ಮುಗೀಬೇಕೇನ್ರಿ?"

ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಗುರು ಅವಳ ಹೆಗಲಿಂದ ಜಾರಿದ್ದ ಶಾಲನ್ನು ಎಳೆದು ಸರಿಯಾಗಿ ಹೊದಿಸಿದರು.

"ಸಿಡಿಲಿಗ್ಯಾಕ ಕೈ ಮುಗೀತಿ, ಮಗಳ? ಚಿಗುರಿದ್ದು ಮರ."