ಓಡಿನ ಹಾರ

ದಾಸೋಹದ ಪಂಕ್ತಿಗೆ ಅನ್ನ ಬಡಿಸುತ್ತಿದ್ದ ಶಿಷ್ಯ ಮರುಳಯ್ಯ ಸೌಟು ಕೆಳಗಿಟ್ಟು ಬಂದು ಗುರುಗಳನ್ನು ಕೇಳಿದ: "ಗುರುಗಳೇ, ಬಂದವರಿಗೆಲ್ಲ ಬಡಿಸುತ್ತಿದ್ದೇವೆ. ಇವರಲ್ಲಿ ನಿಜವಾಗಿ ಗತಿಯಿಲ್ಲದವರು ಯಾರು, ತಮ್ಮ ತಪ್ಪಿನಿಂದಲೇ ಗತಿಗೆಟ್ಟವರು ಯಾರು? ಮೊದಲು ವಿಚಾರಿಸಿ ಆಮೇಲೆ ಎಲೆ ಹಾಕಬಾರದೆ?"

ಗುರುಗಳು ನಕ್ಕರು. "ಸೌಟು ಹಿಡಿದವನಿಗೆ ಬಲು ಬೇಗ ನ್ಯಾಯ ಹೇಳುವ ಹುಮ್ಮಸ್ಸು ಬರುತ್ತದೆ. ಕೂತುಕೋ, ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಒಂದು ಕುಂಬಾರರ ಊರು. ಊರಿಗೆಲ್ಲ ಒಂದೇ ಕಣಜ. ಮಡಕೆ ಚೆನ್ನಾಗಿ ಬೆಂದು ಮಾರಾಟವಾದವರು ತಮ್ಮ ಪಾಲಿನ ಜೋಳವನ್ನು ಅದಕ್ಕೆ ಸುರಿಯಬೇಕು. ಮಡಕೆ ಒಡೆದು ನಷ್ಟವಾದವರು ಅದರಿಂದ ಒಯ್ಯಬಹುದು. ಆದರೆ ಒಯ್ಯುವವನು ಮೊದಲು ಒಡೆದ ಮಡಕೆಯ ಓಡುಗಳನ್ನು ಪೋಣಿಸಿದ ಹಾರ ಹಾಕಿಕೊಂಡು ಹೊತ್ತು ಮುಳುಗುವವರೆಗೆ ಊರ ಕಟ್ಟೆಯ ಮೇಲೆ ಕೂರಬೇಕು. ಹೋಗಿಬರುವವರಿಗೆಲ್ಲ "ನನ್ನ ಕೈ ಸರಿಯಿಲ್ಲ" ಎನ್ನಬೇಕು. ನಾಚಿಕೆಪಡಿಸದೆ ಕೊಟ್ಟರೆ ಊರೆಲ್ಲ ಮೈಗಳ್ಳರಾಗುತ್ತಾರೆ ಎಂಬುದು ಹಿರಿಯರ ನಂಬಿಕೆ. ಅವರೇನೂ ಕೆಟ್ಟವರಲ್ಲ. ಹೊಟ್ಟೆ ತುಂಬಿದವರಿಗೆ ಇಂಥ ನಂಬಿಕೆ ಬಹಳ ರುಚಿ.

ಒಂದು ವರ್ಷ ಸಂಗಪ್ಪನೆಂಬ ಕುಂಬಾರನ ಮಡಕೆಗಳು ಒಂದೂ ಉಳಿಯದೆ ಸಿಡಿದವು. ಅವನ ಹೆಂಡತಿ ಕಲ್ಲವ್ವ ಹಸಿ ಬಾಣಂತಿ. ಮನೆಯಲ್ಲಿ ಕಾಳಿಲ್ಲ, ತಾಯಿಗೆ ಊಟವಿಲ್ಲದೆ ಕೂಸಿನ ಹಾಲು ಬತ್ತುತ್ತ ಬಂತು. ಆದರೂ ಸಂಗಪ್ಪ ಹಾರ ಹಾಕಿಕೊಳ್ಳಲೊಲ್ಲ. ಊರಿಗೇ ಹೆಸರಾದ ಕೈ ಅವನದು. ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಅಷ್ಟರಲ್ಲಿ ನೆರೆಯವನ ಮಡಕೆಗಳೂ ಸಿಡಿದವು. ಅವನು ಹಾರ ಹಾಕಿಕೊಂಡು ಕಟ್ಟೆ ಹತ್ತಿದ. ಅವನ ಹಿಂದೆ ಅವನ ಮಾವ, ಮಾವನ ಹಿಂದೆ ಅರ್ಧ ಊರು. ಕೊನೆಗೊಂದು ಬೆಳಗ್ಗೆ, ಎಲ್ಲರ ಕೊರಳಿಗೂ ಹಾರ ಹಾಕುತ್ತಿದ್ದ ಊರ ಹಿರಿಯನೇ ತನ್ನ ಹಾರದ ಮೇಲೆ ಶಲ್ಯ ಹೊದ್ದು ಬಂದು ನಿಂತ. ಕಟ್ಟೆಯ ಮೇಲೆ ಜಾಗವಿರಲಿಲ್ಲ. "ನನ್ನ ಕೈ ಸರಿಯಿಲ್ಲ" ಎನ್ನೋಣವೆಂದರೆ ಕೇಳಿಸಿಕೊಳ್ಳಲು ದಾರಿಯಲ್ಲಿ ಒಬ್ಬನೂ ಇರಲಿಲ್ಲ.

ಬಾಣಂತಿ ಹೊಸ್ತಿಲು ದಾಟಬಾರದೆಂಬುದನ್ನೂ ಲೆಕ್ಕಿಸದೆ ಕಲ್ಲವ್ವ ಕೂಸನ್ನೆತ್ತಿಕೊಂಡು ಅಲ್ಲಿಗೆ ಬಂದಳು. "ಅಜ್ಜಾರ, ಇಷ್ಟೂ ಮಂದಿ ಕೈ ಒಮ್ಮೆಲೇ ಕೆಟ್ಟಾವೇನ್ರಿ? ಎಲ್ಲಾರೂ ಕೈ ನೋಡಿಕೊಂಡ್ರಿ. ಮಣ್ಣು ಯಾರರ ನೋಡೀರೇನು?"

ಹೋಗಿ ನೋಡಿದರು. ಆ ವರ್ಷ ಊರವರೆಲ್ಲ ಸೇರಿ ಕೆರೆಯ ಇನ್ನೊಂದು ದಡದಲ್ಲಿ ಮಣ್ಣಿನ ಗುಂಡಿ ತೋಡಿದ್ದರು. ಆ ಮಣ್ಣಿನ ತುಂಬ ಸುಣ್ಣದ ಹರಳು. ಸುಟ್ಟ ಮೇಲೆ ಅದು ತೇವ ಹೀರಿ ಉಬ್ಬಿ ಮಡಕೆಯನ್ನು ಸಿಡಿಸುತ್ತಿತ್ತು.

ಹಿರಿಯ ಗಂಟಲು ಸರಿಮಾಡಿಕೊಂಡ. "ಆತು. ಇನ್ನ ಮ್ಯಾಲ ಮಣ್ಣಿನ ತಪ್ಪಿದ್ರ ಹಾರ ಬ್ಯಾಡ. ಕೈಯ ತಪ್ಪಿದ್ರ ಇರ್ಲಿ."

"ಹಂಗಾರ ಇದನ್ನ ಕೇಳ್ರಿ" ಎಂದು ಕಲ್ಲವ್ವ ಕೂಸನ್ನು ಅವನ ತೋಳಿಗೆ ಕೊಟ್ಟಳು. "ತನ್ನ ಹಸಿವು ಮಣ್ಣಿಂದೋ ಕೈದೋ, ಅದ ಹೇಳ್ಲಿ."

ಕೂಸು ಹಿರಿಯನ ಮೀಸೆ ಹಿಡಿದುಕೊಂಡು ಕಿರುಚಿ ಅತ್ತಿತು. ಕಟ್ಟೆಗೆ ಕಟ್ಟೆಯೇ ನಕ್ಕಿತು. ಮೀಸೆ ಬಿಡಿಸಿಕೊಳ್ಳಲಾಗದೆ ಹಿರಿಯನೂ ನಕ್ಕ. ಇನ್ನೊಂದು ಕೈಯಿಂದ ತನ್ನ ಹಾರ ಕಿತ್ತು ಹಾಕಿ ಕಣಜದ ಬಾಗಿಲು ತೆಗೆಸಿದ. ಮೊದಲ ಮೊರ ಜೋಳ ಕಲ್ಲವ್ವನ ಮನೆಗೆ ಹೋಯಿತು. ಹಾರಗಳ ಓಡುಗಳನ್ನು ಕೆರೆಗಿಳಿಯುವ ಕೆಸರುದಾರಿಗೆ ಹಾಸಿದರು. ಹೊಸ ಮಣ್ಣು ತೆಗೆಯುವ ಮೊದಲು ಅದರಲ್ಲಿ ಒಂದು ಹಣತೆ ಮಾಡಿ ಸುಟ್ಟು ನೋಡುವ ಪದ್ಧತಿ ಅಂದಿನಿಂದ ಬಂತು. ಮೈಗಳ್ಳರೇ? ಇದ್ದರು, ಹಾರವಿದ್ದಾಗ ಇದ್ದಷ್ಟೇ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಮರುಳಯ್ಯನಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

"ಆದರೂ ಗುರುಗಳೇ, ಯಾವನೋ ಒಬ್ಬನ ಕೈಯೇ ಕೆಟ್ಟಿದ್ದರೆ?"

"ನೀನು ಹಸಿದು ಈ ಬಾಗಿಲಿಗೆ ಬಂದ ದಿನ ನಿನ್ನ ಕೊರಳಿಗೆ ನಾನು ಎಷ್ಟು ಓಡು ಕಟ್ಟಿದ್ದೆ, ಮರುಳಯ್ಯ?"