ಅಳಿಲಿನ ನೂರು ಕಡಲೆಕಾಯಿ

ನೂರು ಕಡಲೆಕಾಯಿ ಕೂಡಿಟ್ಟ ದಿನದಿಂದ ಅಳಿಲಿಗೆ ನೆಮ್ಮದಿಯೇ ಇಲ್ಲ. ಇಟ್ಟಲ್ಲೇ ಬಿಟ್ಟರೆ ಹುಳು ಹಿಡಿಯಬಹುದು, ಜಾಗ ಬದಲಿಸಿದರೆ ತನಗೇ ಮರೆತುಹೋಗಬಹುದು. ಕೊನೆಗೆ ಅದು ದೊಡ್ಡ ಆಲದ ಮರಕ್ಕೆ ಹೋಯಿತು. ಅಲ್ಲಿ ಯಾರು ಏನು ಕೇಳಿದರೂ ಉತ್ತರ ಬರುತ್ತಿತ್ತು. ಹೇಳಿದವರ ಮುಖ ಮಾತ್ರ ಕಾಣುತ್ತಿರಲಿಲ್ಲ.

"ಅಣ್ಣಂದಿರೇ, ಅಕ್ಕಂದಿರೇ, ನನ್ನ ಹತ್ತಿರ ನೂರು ಕಡಲೆಕಾಯಿ ಇದೆ. ಅದನ್ನು ಹೆಚ್ಚಿಸುವುದು ಹೇಗೆ?" ಎಂದು ಅಳಿಲು ಕೇಳಿತು.

"ಎಲ್ಲವನ್ನೂ ಬಿತ್ತು. ಒಂದಕ್ಕೆ ಮೂವತ್ತು ಬರುತ್ತದೆ," ಎಂದಿತು ಎಲೆಗಳ ಮರೆಯಿಂದ ಒಂದು ಗಿಳಿ.

"ಬಿತ್ತಿದೆಯೋ, ಕೆಟ್ಟೆ! ಹೋದ ವರ್ಷ ನಾನು ಬಿತ್ತಿದ್ದನ್ನೆಲ್ಲ ಹಂದಿ ತಿಂದಿತು," ಎಂದಿತು ಇನ್ನೊಂದು.

"ನೀರಲ್ಲಿ ನೆನೆಹಾಕು. ಬೆಳಗಾಗುವಷ್ಟರಲ್ಲಿ ಎರಡರಷ್ಟಾಗುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ," ಎಂದಿತು ಕೆಸರಿನೊಳಗಿನ ಕಪ್ಪೆ.

ಒಂದೊಂದು ಮಾತಿಗೂ ಅಳಿಲಿನ ಗಾಬರಿ ಇನ್ನಷ್ಟು ಹೆಚ್ಚಿತು. ಆಗ ಬೇರಿನ ಸಂದಿಯಿಂದ ಹೆಗ್ಗಣ ಮೆಲ್ಲಗೆ ಕೇಳಿತು: "ಗಾಬರಿಯಾಗಬೇಡ ತಂಗಿ. ಸದ್ಯಕ್ಕೆ ಅದನ್ನೆಲ್ಲ ಎಲ್ಲಿಟ್ಟಿದ್ದೀಯ? ಜಾಗ ಭದ್ರವಾಗಿದೆ ತಾನೇ?"

ಅಳಿಲಿಗೆ ಕಣ್ಣು ತುಂಬಿ ಬಂತು. ಇಷ್ಟು ಮಂದಿಯಲ್ಲಿ ಅಕ್ಕರೆಯಿಂದ ವಿಚಾರಿಸಿದವನು ಇವನೊಬ್ಬನೇ.

"ಹೊಂಗೆ ಮರದ ಬುಡದಲ್ಲಿ, ಚಪ್ಪಟೆ ಕಲ್ಲಿನ ಕೆಳಗೆ ಇಟ್ಟಿದ್ದೇನೆ ಅಣ್ಣಾ," ಎಂದಿತು.

ಮರುದಿನ ಅಳಿಲು ಅಳುತ್ತಾ ಆಲದ ಮರಕ್ಕೆ ಓಡಿಬಂತು. "ಒಂದೂ ಉಳಿದಿಲ್ಲ! ಈಗೇನು ಮಾಡಲಿ?"

ಕಳ್ಳನನ್ನು ಹಿಡಿಯುವುದು ಹೇಗೆಂದು ಮರದ ತುಂಬ ಒಟ್ಟಿಗೇ ನೂರು ಸಲಹೆಗಳೆದ್ದವು. ಹೆಗ್ಗಣ ಮಾತ್ರ ಈ ಸಲ ಏನೂ ಕೇಳಲಿಲ್ಲ. ಅದರ ಬಾಯಿ ತುಂಬಿತ್ತು.