ಏಜೆಂಟರನ್ನು ಹಿಂದೆ ಕೂರಿಸಿಕೊಂಡ ಸರ್ವಮಂಗಳೆ

ತಿಪಟೂರಿನ ಸರ್ವಮಂಗಳೆಗೆ ಸುತ್ತಲ ಹಳ್ಳಿಗಳಲ್ಲಿ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತು. ಬಸ್ಸು ಹೋಗದ ಊರುಗಳು. ಮಕ್ಕಳಾದ ಮೇಲೆ ವರ್ಷಗಟ್ಟಲೆ ಮುಟ್ಟದಿದ್ದ ಬೈಕನ್ನು ರಿಪೇರಿ ಮಾಡಿಸಿ, ವಿಮೆಗೆಂದು ಏಜೆಂಟ್ ಚನ್ನವೀರಯ್ಯನವರ ಬಳಿ ಹೋದಳು.

"ಇಷ್ಟು ವರ್ಷ ಬಿಟ್ಟಿದ್ದೀಯಮ್ಮ, ಬೀಳೋದು ಗ್ಯಾರಂಟಿ. ಸಣ್ಣ ಪಾಲಿಸಿ ಸಾಲಲ್ಲ, ದೊಡ್ಡದೇ ಮಾಡಿಸು," ಎಂದರು ಅವರು.

ದೊಡ್ಡದಕ್ಕೆ ದುಡ್ಡು ಎರಡರಷ್ಟು. ಅಷ್ಟು ಅವಳ ಕೈಲಿರಲಿಲ್ಲ. ಕೆಲಸ ಬಿಡುವ ಮನಸ್ಸೂ ಇರಲಿಲ್ಲ.

"ನನ್ನ ಬೈಕಿಗೆ ಇನ್ನೂ ವಿಮೆ ಇಲ್ಲ. ನಿಮ್ಮ ಬೈಕನ್ನೇ ನಾನು ಓಡಿಸ್ತೀನಿ, ಹಿಂದೆ ಕೂತ್ಕೊಳ್ಳಿ ಸಾರ್. ಲೈಸೆನ್ಸ್ ಇದೆ. ಪೇಟೆ ಒಂದು ಸುತ್ತು ಬರೋಣ. ನೀವು 'ನಿಧಾನ' ಅಂದ್ರೆ ದೊಡ್ಡದೇ ಮಾಡಿಸ್ತೀನಿ. ಅನ್ನದಿದ್ರೆ ಸಣ್ಣದು ಕೊಡಿ."

ಹೊರಟ ಕೂಡಲೇ 'ನಿಧಾನ' ಅಂದರಾಯಿತು ಎಂದುಕೊಂಡು ಅವರು ಹತ್ತಿದರು. ಅವಳೋ ಆಮೆಯ ಹಾಗೆ ಹೊರಟಳು. ಸೈಕಲ್ಲಿನವರು ದಾಟಿಹೋದರು. ಸೊಪ್ಪಿನ ಬುಟ್ಟಿ ಹೊತ್ತ ಅಜ್ಜಿಯೂ ದಾಟಿಹೋದಳು. ಪರಿಚಯದವರೆಲ್ಲ ನಿಂತು ನೋಡತೊಡಗಿದರು. ಏಜೆಂಟರಿಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ.

"ಸ್ವಲ್ಪ ಬೇಗ ಓಡಿಸಮ್ಮ," ಎಂದುಬಿಟ್ಟರು.

ಅವಳು ಬೈಕ್ ನಿಲ್ಲಿಸಿ ತಿರುಗಿದಳು. "ಬೀಳ್ತೀಯ ಅಂದೋರೂ ನೀವೇ, ಬೇಗ ಓಡಿಸು ಅನ್ನೋರೂ ನೀವೇ. ಈಗ ಯಾವ ಪಾಲಿಸಿ ಸಾರ್?"

ಚನ್ನವೀರಯ್ಯನವರಿಗೆ ನಗು ತಡೆಯಲಾಗಲಿಲ್ಲ. "ಸಣ್ಣದೇ ಬರೀತೀನಿ ತಾಯಿ. ಮೊದಲು ನನ್ನನ್ನ ಆಫೀಸಿಗೆ ಮುಟ್ಟಿಸು."